ಎಬೋನ ಮಗಳಿಗೆ, ಪರೀಕ್ಷೆಯ ಹಿಂದಿನ ರಾತ್ರಿ

ತಕೊರಾಡಿಯಲ್ಲಿ ಮತ್ತೆ ಕರೆಂಟಿಲ್ಲ.
ಬಂದರಿನಲ್ಲಿ ಹಡಗೊಂದು ಮಾತ್ರ ಎಚ್ಚರವಾಗಿದೆ.
ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡು ತಿದ್ದುತ್ತಿದ್ದೇನೆ, ಅರಬಾ,
ನಿನ್ನ ಕೊನೆಯ ಅಭ್ಯಾಸದ ಹಾಳೆ.

ಏಳನೆಯ ಪ್ರಶ್ನೆ.
ಸಿಮೆಂಟು, ಮರಳು, ಜಲ್ಲಿ: ಒಂದು, ಎರಡು, ನಾಲ್ಕು.
ಒಟ್ಟು ಕಾಂಕ್ರೀಟಿನಲ್ಲಿ ಮರಳೆಷ್ಟು ಪಾಲು?
ಅರ್ಧ, ಎಂದಿದ್ದೀಯ,
ಕೆಳಗೆ ಎರಡು ಗೆರೆ ಬೇರೆ ಎಳೆದು.

ಅರ್ಧ ಹೌದು ಮಾರಾಯ್ತಿ, ಜಲ್ಲಿಯ ಎದುರು ನಿಲ್ಲಿಸಿದರೆ.
ಕೇಳಿದ್ದು ಒಟ್ಟು.
ಒಟ್ಟು ಎಂಬುದು ಪ್ರಶ್ನೆಯೊಳಗೆ ಅಂಕಿಯಾಗಿ ಕೂತಿರುವುದಿಲ್ಲ;
ನೀನೇ ಕೂಡಿಸಿ ಕರೆತರಬೇಕು.
ಏಳು ಬಾಂಡ್ಲಿ. ಅದರಲ್ಲಿ ಎರಡು.
ನಿನ್ನಪ್ಪನ ನೆತ್ತಿಗೆ ಗೊತ್ತು ಆ ಏಳರ ಭಾರ.

ಒಂದು ಕತೆ. ಅವನು ಹೇಳಿರಲಾರ.
ನೀನು ಹುಟ್ಟಿದ ವಾರ, ನಿದ್ದೆಗೆಟ್ಟ ಎಬೋ
ಎಫಿಯಾಕುಮದ ಗೋಡೆಗೆ ಕಲಸುತ್ತಾ
ಇನ್ನಷ್ಟು ಬೇಕೆಂದು
ಎಲ್ಲಕ್ಕೂ ಒಂದೊಂದು ಬಾಂಡ್ಲಿ ಸೇರಿಸಿದ.
ಎರಡು, ಮೂರು, ಐದು.
ಎಲ್ಲರಿಗೂ ಸಮ ಸಮ ಕೊಟ್ಟೆ, ತಪ್ಪೇನು, ಅಂದುಕೊಂಡ.
ಹಾಗೇ ಎಪ್ಪತ್ತು ಬಾಂಡ್ಲಿ ಸುರಿದ.

ಗೋಡೆ ಬೀಳಲಿಲ್ಲ.
ಬೀಳುತ್ತದೆಂದು ಕಾದೆಯಾ? ಇಲ್ಲ,
ಅದು ಬೇಕಾದ್ದಕ್ಕಿಂತ ಗಟ್ಟಿಯಾಗಿ ಇನ್ನೂ ನಿಂತಿದೆ.
ಹತ್ತು ಬಾಂಡ್ಲಿ ಸಿಮೆಂಟು ಸಾಕಿದ್ದ ಕಡೆ ಹದಿನಾಲ್ಕು.
ಮೇಸ್ತ್ರಿ ಆ ನಾಲ್ಕನ್ನು ಕೂಲಿಯಲ್ಲಿ ಹಿಡಿದ.
ನಿನ್ನ ನಾಮಕರಣಕ್ಕೆ ಕೋಳಿ ಬರಲಿಲ್ಲ.

ಗುಣಿಸು, ಕೂಡಿಸಬೇಡ.
ಎರಡರಷ್ಟು ಬೇಕಾದರೆ ಎಲ್ಲವನ್ನೂ ಎರಡರಿಂದ.
ಇಷ್ಟೇ ವಿಷಯ, ಆದರೂ
ಗಂಟೆ ಬಾರಿಸುವ ಹೊತ್ತಿಗೆ ಕೈ
ಸುಲಭದ ದಾರಿಗೆ ತಾನೇ ಹೊರಳುತ್ತದೆ.

ಹನ್ನೊಂದರಲ್ಲಿ ಐವತ್ತು ಪೆಸೆವಾಕ್ಕೂ ಎರಡು ಸೆಡಿಗೂ
ಇಪ್ಪತ್ತೈದಕ್ಕೆ ಒಂದು ಎಂದು ಬರೆದೆ.
ನಿನ್ನನ್ನು ಮೀನು ತರಲು ಕಳಿಸುವುದು ಹೇಗೆ?
ಸೆಡಿಯನ್ನು ಮುರಿದು ಚಿಲ್ಲರೆ ಮಾಡಿಕೋ ಮೊದಲು.
ಯಾರ ಹೆಸರು ಮುಂದೆ ಬಂದಿದೆಯೋ
ಅವರ ಅಂಕಿಯೇ ಮುಂದೆ;
ಅದನ್ನು ಬೆರಳಿಟ್ಟು ಓದು, ನಾಚಿಕೆ ಬೇಡ.

ಕೊನೆಯದು ವಯಸ್ಸಿನ ಲೆಕ್ಕ. ಅದನ್ನು ಬಿಟ್ಟೇಬಿಟ್ಟಿದ್ದೀಯ.
ನನ್ನ ತರಗತಿಗೆ ನೀನು ಬಂದಾಗ
ನಿನಗೆ ಆರು, ನನಗೆ ಮೂವತ್ತು.
ನಿನ್ನ ಐದರಷ್ಟಿದ್ದೆ ನಾನು, ಬೆಟ್ಟದಂತೆ.
ಈಗ ಹದಿನೈದು, ಮೂವತ್ತೊಂಬತ್ತು: ಮೂರರಷ್ಟೂ ಇಲ್ಲ.
ಇಬ್ಬರಿಗೂ ಕಾಲ ಒಂದೊಂದೇ ಬಾಂಡ್ಲಿ ಸುರಿಯುತ್ತದೆ,
ನಿನ್ನಪ್ಪನ ಹಾಗೆ, ಸಮ ಸಮ;
ನಡುವಿನ ಇಪ್ಪತ್ತನಾಲ್ಕು ಅಲ್ಲಾಡುವುದಿಲ್ಲ,
ನಾನು ಮಾತ್ರ ನಿನ್ನೆದುರು ಸಣ್ಣವಳಾಗುತ್ತಾ ಬರುತ್ತೇನೆ.
ನಿನಗೆ ಇಪ್ಪತ್ತನಾಲ್ಕಾದ ದಿನ ಬರೀ ಎರಡರಷ್ಟು.
ಆಮೇಲೆ ಇನ್ನೂ ಕಡಿಮೆ.
ಸಮವಂತೂ ಆಗುವುದಿಲ್ಲ ಬಿಡು, ಎಷ್ಟು ಬದುಕಿದರೂ.

ಟಾರ್ಚು ಮಂಕಾಗುತ್ತಿದೆ.
ಅಂಕ ಹಾಕಿಲ್ಲ, ಹಾಕುವುದೂ ಇಲ್ಲ.
ಬೆಳಿಗ್ಗೆ ಪೆನ್ಸಿಲ್ ಎರಡು, ರಬ್ಬರ್ ಒಂದು.
ಪಕ್ಕದ ಹುಡುಗಿ ಕೇಳಿದರೆ
ರಬ್ಬರನ್ನು ಅರ್ಧ ಮಾಡಿ ಕೊಡು.
ಅಲ್ಲಿ ಅರ್ಧ ಸರಿ.