ಹೆಪ್ಪು ಯಾರಿಗೆ ಕೊಡುವುದು

ಮೊದಲು ಬಗೆಹರಿಯಬೇಕಾದ್ದು ಟಿಕೆಟ್ಟಲ್ಲ, ಜೆಮಾಲ್,
ಹೆಪ್ಪು.
ನಿನ್ನಮ್ಮ ಕೊಟ್ಟದ್ದು, ಅವಳಿಗೆ ಅವಳತ್ತೆ ಕೊಟ್ಟದ್ದು,
ಒಂದು ದಿನ ಹಿಟ್ಟು ಕಾಣದಿದ್ದರೆ ಮುನಿಯುವಂಥದ್ದು.
ಎದುರುಮನೆ ಲಮಾರಾ ಮಡಕೆಯನ್ನು ಕೂಸಿನಂತೆ ಎತ್ತಿಕೊಂಡಳು:
"ಹತ್ತು ದಿನ ತಾನೆ, ಸಾಯೋಕೆ ಬಿಡಲ್ಲ, ಹೋಗಿ ಬನ್ನಿ."
ನೀನು ಮಾತ್ರ ಅವಳ ಹೊಸಿಲಲ್ಲಿ ನಿಂತೇ ಇದ್ದೆ,
ನೀರು ಬೆಚ್ಚಗಿರಲಿ, ಬಿಸಿ ಬೇಡ, ಎಂದು ಮೂರು ಸಲ ಹೇಳುತ್ತ.

ಕುತಾಯಿಸಿಯ ನಮ್ಮ ಅಂಗಡಿಯ ಗೋಡೆಯಲ್ಲಿ
ಹದಿನೇಳು ವರ್ಷದಿಂದ ಅಕ್ಟೋಬರ್.
ಹಿಟ್ಟಿನ ಕಂಪನಿಯವನು ಕೊಟ್ಟ ಕ್ಯಾಲೆಂಡರು;
ಆ ಹಾಳೆಯಲ್ಲಿ ಲಿಸ್ಬನ್ನಿನ ಹಳದಿ ಟ್ರಾಮು
ಕಡಿದಾದ ಓಣಿ ಹತ್ತುತ್ತಿದೆ,
ಓಣಿಯ ಕೊನೆಗೆ ಬೆರಳಗಲ ನೀಲಿ.
ನವೆಂಬರ್ ಬಂತೆಂದು ಮಗುಚಲು ಹೋದೆ.
"ಇರಲಿ ಬಿಡೇ" ಅಂದೆ ನೀನು, ತಲೆ ಒಲೆಯೊಳಗಿಟ್ಟೇ.
ನಮ್ಮ ಪ್ರವಾಸ ಶುರುವಾದದ್ದು ಹಾಗೆ.

ಚಹಾದ ಡಬ್ಬಿಯಲ್ಲಿ ದುಡ್ಡು ಸೇರುತ್ತಿತ್ತು, ಸೋರುತ್ತಿತ್ತು.
ಒಂದು ಸಲ ಅದು ಮಾಡಿನ ತಗಡಾಯಿತು,
ಒಂದು ಸಲ ಏಕಾಳ ಹಲ್ಲಿನ ತಂತಿ,
ಆಮೇಲೆ ನಿನ್ನ ತಮ್ಮನನ್ನು ಮಣ್ಣು ಮಾಡಿದ ದಿನ
ಇನ್ನೂರು ಜನರ ಊಟ, ವೈನು.
ಅವತ್ತು ಡಬ್ಬಿ ತೊಳೆದು ಬೋರಲಿಟ್ಟೆ,
ಒಂದು ವರ್ಷ ಮುಟ್ಟಲಿಲ್ಲ.
ಗಿರಾಕಿಗಳಿಗೂ ಅಭ್ಯಾಸವಾಗಿತ್ತು:
"ಏನು ತ್ಸಿಯಾಲಾ, ಟ್ರಾಮು ಇನ್ನೂ ಹತ್ತುತ್ತಲೇ ಇದೆಯಾ?"
"ಏರು ಜಾಸ್ತಿ," ಅನ್ನುತ್ತಿದ್ದೆ, ಚಿಲ್ಲರೆ ಎಣಿಸುತ್ತ.

ಈ ಮಾಘಿಯ ಚಳಿಯಲ್ಲಿ ಏಕಾ ಫೋನು ಹಿಡಿದು ಬಂದಳು,
ಅಗ್ಗಕ್ಕಿದೆ ಅಪ್ಪಾ, ಒತ್ತಲಾ, ಎಂದಳು.
ನಿನ್ನ ಕೈಯೆಲ್ಲ ಹಿಟ್ಟು.
ನೀನು ಮೊಣಕೈಯಿಂದ ಒತ್ತಿದೆ.

ಪಾಸ್‌ಪೋರ್ಟಿನ ಫೋಟೋದವನು ಕೇಳಿದ: ಹುಬ್ಬು ಎಲ್ಲಿ?
ಮೂವತ್ತೊಂದು ವರ್ಷ ಬಾವಿಯಂಥ ಒಲೆಗೆ ಬಗ್ಗಿ ಬಗ್ಗಿ
ಅದರ ಗೋಡೆಗೆ ರೊಟ್ಟಿ ಬಡಿದವನ ಹುಬ್ಬು
ಹೊಗೆಯ ಜೊತೆ ಹೋಯಿತು ಅಂತ ನಾನು ಹೇಳಲಿಲ್ಲ,
ಚೀಲದಿಂದ ಪೆನ್ಸಿಲ್ ತೆಗೆದು ಬರೆದೆ.
ಎಡಗಡೆಯದು ಕೊಂಚ ಮೇಲಾಯಿತು.
ಇನ್ನು ಹತ್ತು ವರ್ಷ ಆ ಪುಸ್ತಕದಲ್ಲಿ ನೀನು
ಒಂದೇ ಹುಬ್ಬಿನಿಂದ ಬೆರಗಾಗಿರುತ್ತೀಯ.

ಜಗಳವೂ ಆಯಿತು. ಹತ್ತು ರೊಟ್ಟಿ ಕಟ್ಟಿಕೊಳ್ಳೋಣ ಅಂದೆ ನೀನು,
ಅಲ್ಲಿ ಏನು ತಿಂತಾರೋ ಯಾರಿಗೆ ಗೊತ್ತು.
ಅಲ್ಲೂ ಒಲೆಗಳಿವೆ ಮಹಾರಾಯ, ಅಂದೆ ನಾನು.
ಎರಡು ದಿನ ಮಾತಿಲ್ಲ. ಮೂರು ರೊಟ್ಟಿಗೆ ರಾಜಿಯಾಯಿತು.

ವಿಮಾನ ಆರಕ್ಕೆ. ಅಲಾರಂ ಇಟ್ಟದ್ದು ದಂಡ,
ಎರಡು ಗಂಟೆಗೇ ಎದ್ದು ಕೂತಿದ್ದೆವು,
ಕಲಸಲು ಏನೂ ಇಲ್ಲದ ನಾಲ್ಕು ಕೈ.
ನೀನು ಒಲೆಯ ಬಾಯಿಗೆ ಅಂಗೈ ಹಿಡಿದು ನೋಡಿದೆ.
ತಣ್ಣಗಿತ್ತು.
ಅಷ್ಟು ತಣ್ಣಗಾಗಬಲ್ಲದೆಂದು ನನಗೂ ಗೊತ್ತಿರಲಿಲ್ಲ.
ಹೊರಡುವ ಮುನ್ನ, ಹಿರಿಯರು ಮಾಡುತ್ತಿದ್ದಂತೆ,
ಒಂದು ಗಳಿಗೆ ಸುಮ್ಮನೆ ಕೂತೆವು:
ಪೆಟ್ಟಿಗೆಯ ಮೇಲೆ ನಾನು, ಹಿಟ್ಟಿನ ಮೂಟೆಯ ಮೇಲೆ ನೀನು.
ಎದ್ದಾಗ ನಿನ್ನ ಹೊಸ ಪ್ಯಾಂಟಿನ ಹಿಂದೆ ಬೆಳ್ಳಗೆ ಗುರುತು.
ಹೇಳಲಿಲ್ಲ.
ಲಮಾರಾ ರಾತ್ರಿಯಂಗಿಯಲ್ಲೇ ಬಂದು
ನಮ್ಮ ಹೆಜ್ಜೆಗಳ ಹಿಂದೆ ಒಂದು ಚೊಂಬು ನೀರು ಚೆಲ್ಲಿದಳು.
"ಹೆಪ್ಪು ಉಬ್ಬಿದೆ," ಅಂದಳು, ಬೇರೇನೂ ಅನ್ನದೆ.

ಈಗ ರೆಕ್ಕೆಯ ಪಕ್ಕ ಕೂತು ಕೆಳಗೆ ಹುಡುಕುತ್ತೀಯ:
ನಮ್ಮ ಬೀದಿ ಯಾವುದು? ಆ ದೀಪವೇ? ಅದರಾಚೆಯದೇ?
ನಮ್ಮದು ಆರಿಸಿ ಬಂದಿದ್ದೇವೆ, ಹೇಗೆ ಕಂಡೀತು.
ಆಮೇಲೆ ಕಪ್ಪು ಸಮುದ್ರ, ಇನ್ನೂ ಹೆಸರಿನ ಬಣ್ಣದಲ್ಲೇ.
ಬೆನ್ನ ಹಿಂದಿನಿಂದ ಬಂದ ಬೆಳಕು
ರೆಕ್ಕೆಯ ತುದಿಗೆ ಹತ್ತಿ ಕೆಂಪಗೆ ಒಳಗೆ ಹರಿಯಿತು.
"ಹದವಾಗಿ ಕಾದಿದೆ, ಈಗ ಬಡಿಯಬಹುದು," ಅಂದೆ ನೀನು,
ಅಂದವನೇ ನಿದ್ದೆಹೋದೆ.
ನಿನ್ನ ಬಲಗೈ ಎರಡು ಸಲ ಗಾಳಿಗೆ ಬಡಿಯಿತು,
ಮೂರನೆಯ ಸಲ ನನ್ನ ಮೊಣಕಾಲಿಗೆ,
ಅಲ್ಲೇ ಅಂಟಿಕೊಂಡಿತು.

ತಳ್ಳುಗಾಡಿಯ ಹುಡುಗಿ ಬಂದು ಏನು ಬೇಕು ಅಂದಳು.
ಚಹಾ ಕೊಡಮ್ಮ, ಅಂದೆ ಪಿಸುದನಿಯಲ್ಲಿ,
ರೊಟ್ಟಿ ಇದೆ.