ಏಡಿ ಸಿಪಾಯಿಗಳು

ಏಳು ಸಮುದ್ರದಾಚೆ ಅಲ್ಲ, ಮೇವಿಸ್,
ಏಳೂ ಸಮುದ್ರದ ತಳಕ್ಕೆ ಹೋಗಿದ್ದಾನೆ,
ಅಂದಳು ಅಮ್ಮ, ಪಿಟ್ ಸ್ಟ್ರೀಟಿನ ಅಡುಗೆಮನೆಯಲ್ಲಿ
ಆಲೂಗಡ್ಡೆ ಸುಲಿಯುತ್ತ.

ಡ್ರ್ಯಾಗನ್ ದೊರೆಯ ಅರಮನೆಯ ಬಾಯ್ಲರು ಆರಿತಂತೆ.
ರಾಣಿಗೆ ಚಳಿ, ಮೀನುಮರಿಗಳಿಗೆಲ್ಲ ನೆಗಡಿ.
ಬೆಂಕಿಗೆ ಉಣಿಸಲು ನಿನ್ನಪ್ಪನಂಥವನು
ಈ ಲಿವರ್‌ಪೂಲಿನಲ್ಲಿ ಇನ್ನ್ಯಾರಿದ್ದ ಹೇಳು?
ಯುದ್ಧ ಮುಗಿವತನಕ ಹಡಗಿನ ಹೊಟ್ಟೆಯಲ್ಲಿ
ಅದನ್ನೇ ತಾನೆ ಮಾಡಿದ್ದು.

ಕರೆಯಲು ಬಂದವರು ಇಬ್ಬರು, ರಾತ್ರಿ.
ಏಡಿ ಸಿಪಾಯಿಗಳು.

ಏಡಿಗಳು ಬೂಟು ಹಾಕ್ತಾವಾ ಅಮ್ಮಾ?

ಸುಲಿದ ಆಲೂಗಡ್ಡೆಯನ್ನೇ
ಮತ್ತೆ ಸುಲಿದಳು.

ಅಪ್ಪ ನೆನೆಹಾಕಿದ್ದ ಅಕ್ಕಿ ಮೂರು ದಿನ ಬಟ್ಟಲಲ್ಲೇ ಇತ್ತು.
ನಾನು ನಲ್ಲಿಯ ಕೊಳವೆಗೆ ಕಿವಿಗೊಟ್ಟು ಕೂತೆ:
ಗುಡುಗುಡು, ಒಂದು ಸಲಿಕೆ ಕಲ್ಲಿದ್ದಲು.
ಗುಡುಗುಡು, ಇನ್ನೊಂದು.

ಈಗ ನನಗೆ ಎಂಬತ್ತು ದಾಟಿತು. ಕಡತ ತೆರೆಸಿ ಓದಿದೆ:
ಝೌ ಗೆನ್‌ಫಾ. ಹಡಗಿನ ಹೆಸರು. ತಾರೀಕು.
ಹೆಂಡತಿ ಮಕ್ಕಳು ಎಂಬಲ್ಲಿ ಒಂದು ಅಡ್ಡಗೆರೆ,
ಸ್ಕೇಲಿಟ್ಟು ಎಳೆದದ್ದು.

ಅಮ್ಮನ ಕತೆಯಲ್ಲಿ ಅವನು ಹೊಸಿಲಲ್ಲಿ ತಿರುಗಿ ನಿಂತು,
ನೀರಡಿ ಥಂಡಿಯಂತೆ ಎಂದು
ಗೂಟದಿಂದ ನನ್ನ ಕೆಂಪು ಮಫ್ಲರ್ ತಗೊಂಡಿದ್ದ.

ಕತೆ ಬಿಡಿ.
ಆ ಮಫ್ಲರ್ ಮಾತ್ರ
ಮನೆಯಲ್ಲಿ ಎಲ್ಲೂ ಸಿಗಲಿಲ್ಲ.