ಸೆಕೆಂಡ್ ಹ್ಯಾಂಡ್

ಇನ್‌ಫೆಂಟ್ರಿ ರಸ್ತೆಯ ಹಿಂದಣ ಗಲ್ಲಿ, ಮಹಡಿ ಮೇಲಿನ ಅಂಗಡಿ.
ಗೌಸ್ ಸಾಬರು ಹಳೇ ಬೆಡ್‌ಶೀಟು ಬಿಚ್ಚಿ
ಟೇಬಲ್ ಮೇಲೆ ಮಲಗಿಸಿದರು:
ಹನ್ನೆರಡು ಬೋರು, ಪಂಪು, ನನಗಿಂತ ಹಿರಿಯದು.

ಮೊದಲು ಖಾಲಿಯೇ ನೋಡು, ಅಂದರು. ನೋಡಿದೆ.
ಕಿರುಬೆರಳು ಹಾಕಿ ಮತ್ತೊಮ್ಮೆ.
ಕಿಟಕಿಯ ಬೆಳಕಿಗೆ ನಳಿಗೆ ಎತ್ತಿದರೆ
ಒಳಗೆಲ್ಲ ತೊಳೆದಿಟ್ಟ ಬೆಳ್ಳಿ ಲೋಟ,
ಒಂದು ಚುಕ್ಕೆ ತುಕ್ಕಿಲ್ಲ.
ಎಳೆದೆ. ತಳ್ಳಿದೆ.
ಕೆಳಗೆ ಟೀ ಅಂಗಡಿಯ ಮಾತು
ಒಂದು ಗಳಿಗೆ ನಿಂತಿತು.

ಆದರೆ ಹಿಮ್ಮಡಿ?
ರಬ್ಬರು ಹೋಗಿ, ಮರವೂ ಕಲ್ಲಿಗೆ ಉಜ್ಜಿ ಉಜ್ಜಿ
ಅರ್ಧ ಇಂಚು ಮಾಯ.
ನಳಿಗೆಯ ನೀಲಿ ಅಳಿಸಿರುವುದು ಒಂದೇ ಕಡೆ,
ನಾಲ್ಕು ಬೆರಳಗಲ.

"ಅವೆನ್ಯೂ ರೋಡಿನ ಬ್ಯಾಂಕು. ಗಾರ್ಡು ತಿಮ್ಮರಾಯಪ್ಪ.
ಇಪ್ಪತ್ತಾರು ವರ್ಷ ಇದನ್ನೇ ಊರಿ ನಿಂತಿದ್ದ.
ಒಂದು ಗುಂಡೂ ಹಾರಿಸಲಿಲ್ಲ."

ಇಪ್ಪತ್ತೆರಡು ಸಾವಿರ, ಅಂದೆ. ಬುಡ ಹೋಗಿದೆ.
ಮೂವತ್ತು, ಅಂದರು. ನಳಿಗೆ ಹೊಸದು.

ಏಜೆನ್ಸಿಯವನು ಹೇಳಿದ್ದ:
ಸ್ವಂತ ಬಂದೂಕಿದ್ದರೆ ತಿಂಗಳಿಗೆ
ನಾಲ್ಕು ಸಾವಿರ ಜಾಸ್ತಿ.

ಎದ್ದು, ನೆಲಕ್ಕೆ ಊರಿ ನೋಡಿದೆ.
ಆ ನಾಲ್ಕು ಬೆರಳ ಜಾಗದಲ್ಲಿ ನನ್ನ ಕೈ
ಕೂತಿತು, ಒಂಚೂರು ಸಡಿಲ.

"ಇಪ್ಪತ್ತೇಳು," ಅಂದರು ಸಾಬರು,
ಕೈಯನ್ನೇ ನೋಡುತ್ತ.